ವರದಿಯಲ್ಲಿ ‘ನೈಲಾನ್ 6, ಮ್ಯಾಚ್ 71’ ಅಂತ ಬಂದಿದೆ, ನಂಬಬೇಕಾ?

ಓದುಗರ ಪ್ರಶ್ನೆ: “ನಮಸ್ಕಾರ ಸರ್. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಫಿಲ್ಮ್ ಯೂನಿಟ್ ಇದೆ. ಮೂರು ಪದರದ ಪಾಲಿಥೀನ್ ಫಿಲ್ಮ್, 35 ಮೈಕ್ರಾನ್, ಲ್ಯಾಮಿನೇಶನ್ ಮಾಡುವವರಿಗೆ ಕೊಡುತ್ತೇವೆ. ಎರಡು ತಿಂಗಳಿಂದ ಫಿಲ್ಮ್‌ನಲ್ಲಿ ಸಣ್ಣ ಸಣ್ಣ ಗಂಟು ಬರುತ್ತಿವೆ. ಗಿರಾಕಿ ಆರು ರೋಲ್ ವಾಪಸ್ ಕಳಿಸಿದರು. ಒಂದು ಖಾಸಗಿ ಲ್ಯಾಬ್‌ಗೆ ಕೊಟ್ಟೆ. ಅವರು ಇನ್‌ಫ್ರಾರೆಡ್ ಮೈಕ್ರೋಸ್ಕೋಪ್‌ನಲ್ಲಿ ರಿಫ್ಲೆಕ್ಷನ್ ವಿಧಾನದಲ್ಲಿ ನೋಡಿ ‘ನೈಲಾನ್ 6, ಮ್ಯಾಚ್ 71’ ಎಂದು ಬರೆದುಕೊಟ್ಟರು. ನಾವು ನೈಲಾನ್ ಮುಟ್ಟಿಯೇ ಇಲ್ಲ. ದಾಣಾ (ಪ್ಲಾಸ್ಟಿಕ್ ಕಾಳು) ಕೊಡುವವರು ‘ರಿಫ್ಲೆಕ್ಷನ್‌ನಲ್ಲಿ ಬರೋದೆಲ್ಲ ಸುಳ್ಳು’ ಅಂತಾರೆ. ಇನ್ನೊಂದು ಲ್ಯಾಬ್‌ನವರು ಗಂಟನ್ನು ಕತ್ತರಿಸಿ ನೋಡಬೇಕು, ಖರ್ಚು ಜಾಸ್ತಿ ಅಂತಾರೆ. ಕತ್ತರಿಸಿದರೆ ಇರುವ ಸಾಕ್ಷಿಯೂ ಹೋಗುತ್ತಲ್ವಾ? ಆಗಾಗ ಹೊರಗಿನ ರೀಪ್ರೊಸೆಸ್ ದಾಣಾ ಸ್ವಲ್ಪ ಬೆರೆಸುತ್ತೇವೆ, ಅದನ್ನೂ ಹೇಳಿಬಿಡುತ್ತೇನೆ. ಯಾರನ್ನು ನಂಬಲಿ?”

ನಮಸ್ಕಾರ. ರೀಪ್ರೊಸೆಸ್ ವಿಷಯ, ಅಂದರೆ ಹಳೆ ಪ್ಲಾಸ್ಟಿಕ್ ಕರಗಿಸಿ ಮತ್ತೆ ಮಾಡಿದ ದಾಣಾ ಬೆರೆಸುವುದನ್ನು, ಮುಚ್ಚಿಡದೆ ಹೇಳಿದ್ದು ಒಳ್ಳೆಯದಾಯಿತು. ಅದು ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ.

ಮೊದಲು ನೇರ ಉತ್ತರ. ಗಂಟಿನಲ್ಲಿ ನೈಲಾನ್ ಇರಬಹುದು. ಆದರೆ ನಿಮ್ಮ ಕೈಯಲ್ಲಿರುವ ಕಾಗದದಿಂದ ಅದನ್ನು ಹೇಳಲು ಆಗುವುದಿಲ್ಲ. ಲ್ಯಾಬ್‌ನವರು ಸುಳ್ಳು ಹೇಳಿಲ್ಲ, ಮೆಷಿನ್ ತೋರಿಸಿದ್ದನ್ನು ಬರೆದಿದ್ದಾರೆ. ದಾಣಾ ಕೊಡುವವರ ಮಾತಿನಲ್ಲೂ ಒಂದು ಎಳೆ ನಿಜ ಇದೆ, ಉಳಿದದ್ದು ಇಲ್ಲ. ನಾನು ಇಂಥ ಮೈಕ್ರೋಸ್ಕೋಪ್ ಮುಂದೆ ಬಹಳ ವರ್ಷ ಕೂತಿದ್ದೇನೆ, ಪಾಲಿಥೀನ್ ಫಿಲ್ಮ್‌ನ ಗಂಟಿಗೆ ‘ನೈಲಾನ್’ ಅಂತ ಹೆಸರು ಬಂದಾಗಲೆಲ್ಲ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಬೆಳಕು ಎಲ್ಲಿಂದ ವಾಪಸ್ ಬಂತು?

ಅದಕ್ಕೂ ಮುಂಚೆ ಆ 71. ಇದನ್ನು ನೋಡಿ ‘ಗಂಟಿನಲ್ಲಿ 71 ಪರ್ಸೆಂಟ್ ನೈಲಾನ್ ಇದೆ’ ಅಂತ ಕೆಲವರು ಓದುತ್ತಾರೆ. ‘ನೈಲಾನ್ ಆಗಿರುವ ಸಾಧ್ಯತೆ 71 ಪರ್ಸೆಂಟ್’ ಅಂತ ಇನ್ನು ಕೆಲವರು. ಎರಡೂ ತಪ್ಪು. ಕಂಪ್ಯೂಟರ್ ನಿಮ್ಮ ಸ್ಪೆಕ್ಟ್ರಮ್ ಅನ್ನು, ಅಂದರೆ ಯಾವ ಬೆಳಕು ಎಷ್ಟು ಬಂತು ಅಂತ ತೋರಿಸುವ ಗೆರೆಯನ್ನು, ತನ್ನ ಲೈಬ್ರರಿಯಲ್ಲಿರುವ ಗೊತ್ತಿರುವ ವಸ್ತುಗಳ ಪ್ರತಿಯೊಂದು ಗೆರೆಯ ಪಕ್ಕ ಇಟ್ಟು, ಗೆರೆಯ ಆಕಾರ ಎಷ್ಟು ಹೋಲುತ್ತದೆ ಅಂತ ಅಂಕ ಕೊಡುತ್ತದೆ, ಅಷ್ಟೇ. ಲೈಬ್ರರಿಯಲ್ಲಿ ಇಲ್ಲದ ವಸ್ತುವನ್ನು ಇಟ್ಟರೂ ಅದು ಯಾವುದೋ ಒಂದು ಹೆಸರನ್ನು ಮೇಲೆ ತರಲೇಬೇಕು. ಶುದ್ಧವಾದ, ಚೆನ್ನಾಗಿ ಅಳೆದ ನೈಲಾನ್ ಚೂರು ಇಟ್ಟರೆ ಅಂಕ ತೊಂಬತ್ತರ ಮೇಲೆ ಬರುವುದು ಮಾಮೂಲು. 71 ಬಂದಿದೆ ಅಂದರೆ ಗೆರೆಯಲ್ಲಿ ಏನೋ ಹೊಂದುತ್ತಿದೆ, ಏನೋ ಹೊಂದುತ್ತಿಲ್ಲ. ಯಾವುದು ಹೊಂದುತ್ತಿಲ್ಲ ಅನ್ನುವುದನ್ನು ಮನುಷ್ಯರೇ ಕೂತು ನೋಡಬೇಕು.

ಈಗ ಬೆಳಕಿನ ವಿಷಯ. ಇನ್‌ಫ್ರಾರೆಡ್ ಬೆಳಕು ಅಣುಗಳ ಒಳಗಿನ ಕೊಂಡಿಗಳನ್ನು ಅಲುಗಾಡಿಸುತ್ತದೆ. ಒಂದೊಂದು ಕೊಂಡಿಗೆ ಗೆರೆಯಲ್ಲಿ ಒಂದೊಂದು ಜಾಗದಲ್ಲಿ ಪೀಕ್, ಅಂದರೆ ಗುಡ್ಡ. ಕೆಳಗೆ ನಾನು ಬರೆಯುವ 1640, 3300 ಇಂಥವೆಲ್ಲ ವೇವ್‌ನಂಬರ್‌ಗಳು, ಅಂದರೆ ಒಂದು ಸೆಂಟಿಮೀಟರ್‌ನಲ್ಲಿ ಎಷ್ಟು ಅಲೆ ಅಂತ. ಬೆಳಕನ್ನು ವಸ್ತುವಿನ ಮೂಲಕ ಹಾಯಿಸಿ ಅಳೆದರೆ ಅರ್ಥ ಮಾಡಿಕೊಳ್ಳುವುದು ಸುಲಭ. ರಿಫ್ಲೆಕ್ಷನ್ ಅಂದಾಗ ತೊಂದರೆ ಶುರುವಾಗುತ್ತದೆ, ಏಕೆಂದರೆ ಆ ಒಂದು ಪದದ ಹಿಂದೆ ಬೇರೆ ಬೇರೆ ಘಟನೆಗಳಿವೆ. ಬೆಳಕು ಮೇಲ್ಮೈಗೆ ಬಡಿದು ಕನ್ನಡಿಯಿಂದ ಬಂದಂತೆ ವಾಪಸ್ ಬರಬಹುದು. ಒಳಗೆ ಹೋಗಿ, ತಳದಲ್ಲಿರುವ ಲೋಹಕ್ಕೆ ಬಡಿದು, ಮತ್ತೆ ವಸ್ತುವಿನ ಮೂಲಕವೇ ಹೊರಗೆ ಬರಬಹುದು. ಒರಟು ಜಾಗದಲ್ಲಿ ಚದುರಿ ಎಲ್ಲ ದಿಕ್ಕಿಗೂ ಹೋಗಬಹುದು. ಬಹಳ ಸಲ ಇವೆಲ್ಲ ಒಟ್ಟಿಗೇ ಆಗುತ್ತವೆ, ಡಿಟೆಕ್ಟರ್‌ಗೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ಪ್ಲಾಸ್ಟಿಕ್‌ನ ಮೇಲ್ಮೈಯಿಂದ ನೇರವಾಗಿ ವಾಪಸ್ ಬರುವ ಬೆಳಕು ಬಹಳ ಕಡಿಮೆ, ಬಿದ್ದದ್ದರಲ್ಲಿ ಸುಮಾರು 4 ಪರ್ಸೆಂಟ್ ಮಾತ್ರ. ಅದರಲ್ಲಿ ಪೀಕ್‌ಗಳು ನೆಟ್ಟಗೆ ಗುಡ್ಡದ ಹಾಗೆ ಬರುವುದಿಲ್ಲ. ಒಂದು ಬದಿ ಇಳಿದು ಇನ್ನೊಂದು ಬದಿ ಏರಿ, ಜಾಗವೂ ಸ್ವಲ್ಪ ಸರಿದು ಬರುತ್ತವೆ. ಇದನ್ನು ಸರಿಪಡಿಸಲು ಕ್ರಾಮರ್ಸ್–ಕ್ರೋನಿಗ್ ಎನ್ನುವ ಲೆಕ್ಕ ಇದೆ, ಸಾಫ್ಟ್‌ವೇರ್‌ನಲ್ಲಿ ಒಂದು ಬಟನ್. ಬಂದ ಬೆಳಕೆಲ್ಲ ಬರೀ ಮೇಲ್ಮೈಯಿಂದಲೇ ಬಂದಿದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಒಳಗೆ ಹೋಗಿ ಬಂದ ಬೆಳಕೂ ಸೇರಿಕೊಂಡಿದ್ದರೆ ಅದೇ ಬಟನ್ ಇಲ್ಲದ ಪೀಕ್‌ಗಳನ್ನು ಹುಟ್ಟಿಸುತ್ತದೆ. ನಿಮ್ಮ ತೆಳು ಫಿಲ್ಮ್‌ನಲ್ಲಿ ಎರಡೂ ಸೇರಿಕೊಳ್ಳುತ್ತವೆ.

ಇಲ್ಲಿ ನೀವು ಕೊಟ್ಟ ದಪ್ಪ ನನ್ನ ಗಮನ ಸೆಳೆಯಿತು. ತೆಳು ಫಿಲ್ಮ್ ಮೇಲೆ ಬೆಳಕು ಬಿದ್ದಾಗ ಮೇಲಿನ ಮುಖದಿಂದ ಒಂದಿಷ್ಟು, ಕೆಳಗಿನ ಮುಖದಿಂದ ಒಂದಿಷ್ಟು ವಾಪಸ್ ಬರುತ್ತದೆ, ಎರಡೂ ಹೆಚ್ಚುಕಡಿಮೆ ಒಂದೇ ಬಲದವು, ಹಾಗಾಗಿ ಒಂದರ ಮೇಲೊಂದು ಕೂತು ಸ್ಪೆಕ್ಟ್ರಮ್ ತುಂಬ ಏರಿಳಿತದ ಅಲೆ ಮೂಡಿಸುತ್ತವೆ. ನಾವು ಅದನ್ನು ಫ್ರಿಂಜ್ ಅಂತ ಕರೆಯುತ್ತೇವೆ. ಸೋಪಿನ ಗುಳ್ಳೆಯ ಮೇಲೆ ಬಣ್ಣ ಕಾಣುವುದಕ್ಕೂ ಇದೇ ಕಾರಣ. ಈ ಅಲೆಗಳ ನಡುವಿನ ಅಂತರ ದಪ್ಪದ ಮೇಲೆ ನಿಂತಿದೆ: 1 ಅನ್ನು, ವಕ್ರೀಭವನ ಸೂಚ್ಯಂಕ ಮತ್ತು ದಪ್ಪ ಎರಡನ್ನೂ ಗುಣಿಸಿ ದುಪ್ಪಟ್ಟು ಮಾಡಿದ ಸಂಖ್ಯೆಯಿಂದ ಭಾಗಿಸಿದರೆ ಬರುತ್ತದೆ. ಪಾಲಿಥೀನ್‌ಗೆ ಸೂಚ್ಯಂಕ ಸುಮಾರು 1.5. ದಪ್ಪ 35 ಮೈಕ್ರಾನ್, ಅಂದರೆ 0.0035 ಸೆಂಟಿಮೀಟರ್. ಲೆಕ್ಕ ಹಾಕಿ ನೋಡಿ, ಅಂತರ ಸುಮಾರು 95 ಬರುತ್ತದೆ. ನೈಲಾನ್ 6ರ ಎರಡು ಮುಖ್ಯ ಪೀಕ್‌ಗಳು 1640 ಮತ್ತು 1545ರ ಆಸುಪಾಸು. ನಡುವಿನ ಅಂತರವೂ 95ರ ಹತ್ತಿರವೇ!

ಇದೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಗಂಟು ಉಬ್ಬಿರುವ ಜಾಗದಲ್ಲಿ ದಪ್ಪ ಬೇರೆ, ಅಲೆಯೂ ಬೇರೆ. ಆದರೆ ಮೈಕ್ರೋಸ್ಕೋಪ್‌ನ ಅಪರ್ಚರ್, ಅಂದರೆ ಬೆಳಕಿನ ಕಿಂಡಿ, ಗಂಟಿಗಿಂತ ದೊಡ್ಡದಾಗಿ ತೆರೆದಿದ್ದರೆ ಸುತ್ತಲಿನ ಚಪ್ಪಟೆ ಫಿಲ್ಮ್‌ನ ಬೆಳಕೂ ಒಳಗೆ ಬರುತ್ತದೆ, ಆಗ ಎರಡು ಅಲೆಯ ತಲೆಗಳು ಸರಿಯಾಗಿ ನೈಲಾನ್ ಜಾಗದಲ್ಲಿ ಕೂರಬಹುದು. ಪರೀಕ್ಷಿಸುವುದು ಸುಲಭ. ಸ್ಪೆಕ್ಟ್ರಮ್‌ನಲ್ಲಿ 1800ರಿಂದ 2700ರವರೆಗಿನ ಭಾಗ ನೋಡಿ. ಅಲ್ಲಿ ಪಾಲಿಥೀನ್‌ಗೂ ನೈಲಾನ್‌ಗೂ ಹೇಳಿಕೊಳ್ಳುವಂಥ ಪೀಕ್ ಇಲ್ಲ. ಗಾಳಿಯ ಕಾರ್ಬನ್ ಡೈಆಕ್ಸೈಡ್‌ನದು 2350ರ ಹತ್ತಿರ ಬರುತ್ತದೆ, ಅದನ್ನು ಬಿಡಿ. ಉಳಿದ ಕಡೆ ಗೆರೆ ಸಮವಾಗಿರಬೇಕು. ಅಲ್ಲೂ ಅದೇ ಅಂತರದಲ್ಲಿ ಅಲೆ ಓಡುತ್ತಿದ್ದರೆ 1640, 1545ರ ‘ಪೀಕ್’ ನಂಬಬೇಡಿ.

ಇನ್ನೊಂದು ಜಾಗ 3300. ನೈಲಾನ್‌ನಲ್ಲಿ ಸಾರಜನಕಕ್ಕೆ ಅಂಟಿಕೊಂಡ ಹೈಡ್ರೋಜನ್ ಇದೆ, ಅದರ ಪೀಕ್ 3300ರಲ್ಲಿ ಚೂಪಾಗಿ, ಎದ್ದು ಕಾಣುತ್ತದೆ, ಪಕ್ಕದಲ್ಲಿ 3080ರ ಹತ್ತಿರ ಒಂದು ಚಿಕ್ಕದೂ ಇರುತ್ತದೆ. ಅದಿಲ್ಲದೆ ಬರೀ 1640, 1545 ತೋರಿಸಿ ನೈಲಾನ್ ಅಂದರೆ ನಾನು ಒಪ್ಪುವುದಿಲ್ಲ.

ಸರಿ, 3300ರಲ್ಲೂ ಏನೋ ಇದೆ ಅಂದುಕೊಳ್ಳೋಣ. ಆಗಲೂ ನೈಲಾನ್ ಅಂತ ತೀರ್ಮಾನ ಮಾಡುವ ಮುಂಚೆ ಇಬ್ಬರನ್ನು ವಿಚಾರಿಸಬೇಕು. ಒಂದು, ನಿಮ್ಮದೇ ಸ್ಲಿಪ್. ಫಿಲ್ಮ್ ಒಂದಕ್ಕೊಂದು ಅಂಟದಿರಲಿ ಅಂತ ಹಾಕುವ ಎರುಕಮೈಡ್ ಕೂಡ ನೈಲಾನ್‌ನಂತೆ ಸಾರಜನಕದ ಕೊಂಡಿ ಇರುವ ಅಮೈಡ್ ಜಾತಿಯದೇ, ದಿನ ಕಳೆದಂತೆ ಅದು ಒಳಗಿನಿಂದ ಮೇಲ್ಮೈಗೆ ಬಂದು ಕೂರುತ್ತದೆ. ಅದರ ಪೀಕ್‌ಗಳು 1645, 1630ರಲ್ಲಿ ಜೋಡಿಯಾಗಿ, ಮತ್ತೆ ಮೇಲೆ 3390 ಮತ್ತು 3190ರಲ್ಲಿ ಇನ್ನೊಂದು ಜೋಡಿ. ನೈಲಾನ್‌ನಲ್ಲಿ ಮೇಲೆ ದೊಡ್ಡದು ಒಂಟಿ, ಇಲ್ಲಿ ಜೋಡಿ, ಇದೇ ಗುರುತು. ಇನ್ನೊಂದು, ಮನುಷ್ಯನ ಚರ್ಮದ ಹೊಟ್ಟು. ಪ್ರೋಟೀನ್ ಮತ್ತು ನೈಲಾನ್ ಎರಡರಲ್ಲೂ ಇರುವುದು ಒಂದೇ ಥರದ ಕೊಂಡಿ. 3290, 1650, 1540, ಪೀಕ್‌ಗಳು ಮಾತ್ರ ನೈಲಾನ್‌ಗಿಂತ ಅಗಲ. ರೇಷ್ಮೆ ಎಳೆ, ಉಣ್ಣೆ ಎಳೆ ಬಿದ್ದಿದ್ದರೂ ಹೀಗೇ ಕಾಣುತ್ತದೆ. ಲೈಬ್ರರಿಯಲ್ಲಿ ಪಾಲಿಮರ್ ಮಾತ್ರ ಇದ್ದರೆ ಚರ್ಮಕ್ಕೆ ಹತ್ತಿರದ ಹೆಸರು ನೈಲಾನ್ ಅಂತಲೇ ಬರುತ್ತದೆ, ಬೇರೆ ದಾರಿ ಇಲ್ಲ ಅದಕ್ಕೆ.

ಮಳೆಗಾಲದಲ್ಲಿ ಅಳೆದಿದ್ದರೆ ಗಾಳಿಯ ತೇವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನೀರಿನ ಆವಿಯ ಸಣ್ಣ ಚೂಪು ಗೆರೆಗಳು ಸರಿಯಾಗಿ 1400ರಿಂದ 1900ರ ನಡುವೆಯೇ ಗುಂಪಾಗಿ ಬರುತ್ತವೆ. ವಾಪಸ್ ಬರುವ ಬೆಳಕೇ 4 ಪರ್ಸೆಂಟ್ ಇರುವಾಗ ಅವೂ ದೊಡ್ಡದಾಗಿ ಕಾಣುತ್ತವೆ. ಒಣ ಗಾಳಿ ಅಥವಾ ನೈಟ್ರೋಜನ್ ಒಳಗೆ ಹರಿಸಿ ಅಳೆದರಾ ಅಂತ ಕೇಳಿ.

ಹಾಗಾದರೆ ರಿಫ್ಲೆಕ್ಷನ್ ಸುಳ್ಳಾ? ಖಂಡಿತ ಅಲ್ಲ. ಆ ಮಾತು ನನಗೆ ಬೇಸರ ತರಿಸುತ್ತದೆ, ಏಕೆಂದರೆ ಸರಿಯಾದ ಜಾಗದಲ್ಲಿ ಅದರಷ್ಟು ಸಲೀಸಾದ ವಿಧಾನ ಇಲ್ಲ. ಪಾನೀಯದ ಕ್ಯಾನ್ ಒಳಗೆ ಲೋಹದ ಮೇಲೆ ಕೆಲವೇ ಮೈಕ್ರಾನ್ ದಪ್ಪದ ಲ್ಯಾಕರ್ ಇರುತ್ತದೆ, ಅದರಲ್ಲಿ ಎಲ್ಲಿ ಕಲೆ, ಏನು ಕಲೆ ಅಂತ ಮುಟ್ಟದೆ ನೋಡಲು ಇದೇ ಬೇಕು. ಬೆಳಕು ಲ್ಯಾಕರ್ ದಾಟಿ ಲೋಹಕ್ಕೆ ಬಡಿದು ಮತ್ತೆ ಲ್ಯಾಕರ್ ದಾಟಿ ಬರುತ್ತದೆ, ಸ್ಪೆಕ್ಟ್ರಮ್ ಹೆಚ್ಚುಕಡಿಮೆ ಹಾಯಿಸಿ ಅಳೆದಂತೆಯೇ ಇರುತ್ತದೆ. ಸರ್ಕ್ಯೂಟ್ ಬೋರ್ಡ್‌ನ ಚಿನ್ನದ ಪ್ಯಾಡ್ ಮೇಲಿನ ಫ್ಲಕ್ಸ್ ಕಲೆಗೂ ಹಾಗೆಯೇ. ನಿಮ್ಮ ಕಷ್ಟ ಏನೆಂದರೆ ಗಂಟು ಫಿಲ್ಮ್‌ನ ಹೊಟ್ಟೆಯೊಳಗಿದೆ, ಮೇಲೂ ಕೆಳಗೂ ಪಾಲಿಥೀನ್ ಹೊದಿಕೆ ಇದೆ, ರಿಫ್ಲೆಕ್ಷನ್ ನೋಡಿದ್ದು ಜಾಸ್ತಿ ಆ ಹೊದಿಕೆಯನ್ನೇ.

‘ಹಾಗಾದರೆ ಎಟಿಆರ್ ಮಾಡಿಸೋಣ’ ಅಂತ ಯಾರಾದರೂ ಹೇಳಬಹುದು. ಜರ್ಮೇನಿಯಂ ಹರಳಿನ ತುದಿಯನ್ನು ಗಂಟಿನ ಮೇಲೆ ಒತ್ತಿ ಅಳೆಯುವ ವಿಧಾನ ಅದು. 1960ರ ಆಸುಪಾಸಿನಲ್ಲಿ ಹ್ಯಾರಿಕ್ ಮತ್ತು ಫಾರೆನ್‌ಫೋರ್ಟ್ ಬೇರೆ ಬೇರೆಯಾಗಿ ರೂಪಿಸಿದ್ದು, ಇವತ್ತು ಪ್ಲಾಸ್ಟಿಕ್ ಲ್ಯಾಬ್‌ಗಳ ದಿನನಿತ್ಯದ ಕೆಲಸ ಅದರಲ್ಲೇ ನಡೆಯುತ್ತದೆ. ಸ್ಪೆಕ್ಟ್ರಮ್ ಸ್ವಚ್ಛ, ಫ್ರಿಂಜ್ ಕಾಟವೂ ಇಲ್ಲ. ಆದರೆ ಅದು ನೋಡುವ ಆಳ ಗೊತ್ತಾ? ಜರ್ಮೇನಿಯಂನಲ್ಲಿ 45 ಡಿಗ್ರಿಯಲ್ಲಿ, 1640ರ ಹತ್ತಿರ, ಸುಮಾರು 0.4 ಮೈಕ್ರಾನ್. ವಜ್ರವಾದರೂ ಒಂದೂಕಾಲು ಮೈಕ್ರಾನ್ ದಾಟುವುದಿಲ್ಲ. ನಿಮ್ಮ ಗಂಟಿನ ಮೇಲೆ ಹತ್ತು ಮೈಕ್ರಾನ್ ಪಾಲಿಥೀನ್ ಇದ್ದರೆ ಎಟಿಆರ್ ಕಾಣುವುದು ಪಾಲಿಥೀನ್, ಜೊತೆಗೆ ಮೇಲೆ ಬಂದು ಕೂತ ಸ್ಲಿಪ್. ಮತ್ತೆ ಅಮೈಡ್! ಹಾಗಾಗಿ ಎಟಿಆರ್ ಮಾಡಿಸುವುದಾದರೆ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೆಲ್ಲಗೆ ಒರೆಸಿ ಇನ್ನೊಂದು ಸಲ ಅಳೆಯಲು ಹೇಳಿ. ಒರೆಸಿದ ಮೇಲೆ ಪೀಕ್ ಮಾಯವಾದರೆ ಅದು ಮೇಲ್ಮೈಯಲ್ಲಿದ್ದ ವಸ್ತು, ಗಂಟಿನದಲ್ಲ.

ಅದಕ್ಕೇ ಎರಡನೇ ಲ್ಯಾಬ್‌ನವರು ಹೇಳಿದ್ದು ಸರಿ. ಗಂಟನ್ನು ಹೊರಗೆ ತೆಗೆಯಬೇಕು.

ಸಾಕ್ಷಿ ಹೋಗುತ್ತದೆ ಅನ್ನುವ ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಒಂದು ಗಂಟಿನ ಮೇಲೆ ಕೇಸು ನಿಲ್ಲಿಸುವುದೇ ತಪ್ಪು. ಆರು ರೋಲ್ ವಾಪಸ್ ಬಂದಿದೆ ಅಂದರೆ ನಿಮ್ಮ ಹತ್ತಿರ ನೂರಾರು ಗಂಟುಗಳಿವೆ. ಬೇರೆ ಬೇರೆ ರೋಲ್‌ನಿಂದ ಹತ್ತಾದರೂ ಆರಿಸಿ. ಒಂದೇ ಫಿಲ್ಮ್‌ನಲ್ಲಿ ಮೂರು ಕಾರಣದ ಗಂಟುಗಳು ಒಟ್ಟಿಗೆ ಇದ್ದದ್ದನ್ನು ನಾನು ನೋಡಿದ್ದೇನೆ. ತೆಗೆಯುವ ಕೆಲಸ ಹೀಗೆ: ಸಾಧಾರಣ ಸ್ಟೀರಿಯೊ ಮೈಕ್ರೋಸ್ಕೋಪ್ ಕೆಳಗೆ ಫಿಲ್ಮ್ ಇಟ್ಟು, ಹೊಸ ಬ್ಲೇಡ್‌ನಿಂದ ಗಂಟಿನ ಮೇಲಿನ ಚರ್ಮ ಸೀಳಿ, ಸೂಜಿಯ ತುದಿಯಿಂದ ತಿರುಳನ್ನು ಎತ್ತಿ, ಚಿನ್ನ ಅಥವಾ ಅಲ್ಯುಮಿನಿಯಂ ಲೇಪದ ಕನ್ನಡಿ ಸ್ಲೈಡ್ ಮೇಲೆ ಇಟ್ಟು ಚಿಕ್ಕ ರೋಲರ್‌ನಿಂದ ಚಪ್ಪಟೆ ಮಾಡುವುದು. ಈಗ ಅದೇ ರಿಫ್ಲೆಕ್ಷನ್ ಮೈಕ್ರೋಸ್ಕೋಪ್ ಅದ್ಭುತವಾಗಿ ಕೆಲಸ ಮಾಡುತ್ತದೆ, ಕ್ಯಾನ್ ಲ್ಯಾಕರ್ ಥರ. ಒಟ್ಟು ಹತ್ತು ಮೈಕ್ರಾನ್ ಒಳಗೆ ತೆಳುವಾದರೆ ಒಳ್ಳೆಯದು, ದಪ್ಪ ಉಳಿದರೆ ಪಾಲಿಥೀನ್‌ನ 2915, 2848ರ ಪೀಕ್‌ಗಳ ತಲೆ ಚಪ್ಪಟೆಯಾಗಿ ಏನೂ ತಿಳಿಯದು. ವಜ್ರದ ಸೆಲ್ ಇರುವ ಲ್ಯಾಬ್‌ನವರು ಎರಡು ವಜ್ರಗಳ ನಡುವೆ ಒತ್ತಿ, ಬೆಳಕನ್ನು ನೇರವಾಗಿ ಹಾಯಿಸಿಯೇ ಅಳೆಯುತ್ತಾರೆ. ಅದು ಇನ್ನೂ ಭದ್ರ.

ಇದರ ಅಪಾಯ ಕೈಚಳಕದ್ದು. 30 ಮೈಕ್ರಾನ್ ಚೂರು ಉಸಿರು ಬಿಟ್ಟರೆ ಹಾರಿಹೋಗುತ್ತದೆ, ಸುತ್ತಲಿನ ಪಾಲಿಥೀನ್ ಸ್ವಲ್ಪ ಅಂಟಿಕೊಂಡೇ ಬರುತ್ತದೆ. ಆದ್ದರಿಂದ ಪಕ್ಕದ ಒಳ್ಳೆಯ ಫಿಲ್ಮ್ ಅನ್ನೂ ಅದೇ ರೀತಿ ಚಪ್ಪಟೆ ಮಾಡಿ ಅಳೆದು, ಎರಡನ್ನೂ ಒಂದರ ಮೇಲೊಂದು ಇಟ್ಟು ತೋರಿಸಿ ಅಂತ ಕೇಳಿ. ವರದಿಯಲ್ಲಿ ಒಳ್ಳೆಯ ಜಾಗದ ಸ್ಪೆಕ್ಟ್ರಮ್ ಇಲ್ಲದಿದ್ದರೆ ಆ ವರದಿ ಅರ್ಧವೇ.

ಅಡ್ಡಕೊಯ್ತ ಮಾಡಿಸುವ ದಾರಿಯೂ ಇದೆ. ಫಿಲ್ಮ್ ಅನ್ನು ರೆಸಿನ್‌ನಲ್ಲಿ ಕೂರಿಸಿ ಮೈಕ್ರೋಟೋಮ್‌ನಲ್ಲಿ ತೆಳುವಾಗಿ ಕೊಯ್ದರೆ ಗಂಟು ಯಾವ ಪದರದಲ್ಲಿ ಕೂತಿದೆ ಅಂತ ಗೊತ್ತಾಗುತ್ತದೆ, ಅಂದರೆ ಒಂದೊಂದು ಪದರಕ್ಕೆ ದಾಣಾ ಕರಗಿಸಿ ತಳ್ಳುವ ಮೂರು ಎಕ್ಸ್‌ಟ್ರೂಡರ್‌ಗಳಲ್ಲಿ ಯಾವುದು ತಪ್ಪಿತಸ್ಥ ಅಂತ. ಇದು ದೊಡ್ಡ ಲಾಭ. ತೊಂದರೆ ಎಂದರೆ ಎಪಾಕ್ಸಿ ಬಳಸಿದರೆ ಅದರ ಪೀಕ್ 1510ರ ಹತ್ತಿರ ನುಸುಳುತ್ತದೆ. ಜೊತೆಗೆ ಇನ್‌ಫ್ರಾರೆಡ್ ಬೆಳಕಿಗೆ ತನ್ನದೇ ಮಿತಿ ಇದೆ. 1000ದ ಹತ್ತಿರ ಅದರ ಅಲೆಯೇ 10 ಮೈಕ್ರಾನ್ ಉದ್ದ, ಅದಕ್ಕಿಂತ ಸಣ್ಣ ಪದರವನ್ನು ಬೇರೆಯಾಗಿ ನೋಡಲು ಮಾಮೂಲಿ ಮೈಕ್ರೋಸ್ಕೋಪ್‌ಗೆ ಆಗದು, ಪಕ್ಕದ್ದೂ ಸೇರಿ ಬರುತ್ತದೆ. ಅಷ್ಟು ಸೂಕ್ಷ್ಮ ಬೇಕಾದರೆ ರಾಮನ್ ಮೈಕ್ರೋಸ್ಕೋಪ್. 1928ರಲ್ಲಿ ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಕಂಡ ಪರಿಣಾಮದ ಮೇಲೆಯೇ ನಡೆಯುವ ಉಪಕರಣ. ಒಂದು ಮೈಕ್ರಾನ್‌ವರೆಗೆ ಇಳಿಯುತ್ತದೆ, ಫಿಲ್ಮ್ ಕತ್ತರಿಸದೆ ಒಳಗೂ ಸ್ವಲ್ಪ ಇಣುಕಬಹುದು. ಆದರೆ ಸುಟ್ಟ, ಹಳದಿಯಾದ ಗಂಟುಗಳು ಲೇಸರ್‌ಗೆ ಹೊಳೆದು ಸಿಗ್ನಲ್ ಮುಚ್ಚಿಹೋಗುತ್ತದೆ. ನಿಮಗೆ ಸದ್ಯಕ್ಕೆ ಇದು ಬೇಡ. ಸ್ವಂತ ಮೆಷಿನ್ ಕೊಳ್ಳುವ ಯೋಚನೆ ಬಂದಿದ್ದರೆ ಅದೂ ಬೇಡ, ನೋಡಿ ಅರ್ಥ ಹೇಳುವವರು ಇಲ್ಲದೆ ಅದು ಸುಮ್ನೆ ಧೂಳು ತಿನ್ನುತ್ತದೆ.

ಅಳತೆ ಮುಗಿದ ಮೇಲೆ ಅದೇ ಚೂರನ್ನು ಹಾಟ್ ಸ್ಟೇಜ್ ಮೇಲೆ ಬಿಸಿ ಮಾಡಿಸಿ. ಅಗ್ಗದ ಪರೀಕ್ಷೆ, ಆದರೆ ಬಹಳ ಸಲ ಜಗಳ ಮುಗಿಸುವುದು ಇದೇ. ನಿಮ್ಮ ಪಾಲಿಥೀನ್ 130 ಡಿಗ್ರಿ ದಾಟುವಷ್ಟರಲ್ಲಿ ಕರಗುತ್ತದೆ. ಗಂಟೂ ಅಲ್ಲೇ ಕರಗಿ ಬೆರೆತುಹೋದರೆ ಅದು ಸರಿಯಾಗಿ ಮಿಕ್ಸ್ ಆಗದ ಪಾಲಿಥೀನ್. ತಿಳಿಯಾದರೂ ಆಕಾರ ಬಿಡದೆ ನಿಂತರೆ ಅಣುಗಳು ಒಂದಕ್ಕೊಂದು ಹೆಣೆದುಕೊಂಡ ಜೆಲ್. 220ರ ಹತ್ತಿರ ಕರಗಿದರೆ ನೈಲಾನ್ 6. ಕರಗದೆ ಕಪ್ಪಾಗಿ ಕರಕಲಾದರೆ ಚರ್ಮ ಅಥವಾ ಹತ್ತಿಯ ಎಳೆ.

ಯಾವುದು ಬಂದರೆ ಏನು ಮಾಡಬೇಕು? ಸ್ಪೆಕ್ಟ್ರಮ್ ಬರೀ ಪಾಲಿಥೀನ್, ಜೊತೆಗೆ 1715ರ ಹತ್ತಿರ ಪೀಕ್ ಇದ್ದರೆ ಅದು ಗಾಳಿ ಮತ್ತು ಬಿಸಿಗೆ ಕೆಟ್ಟ ಪಾಲಿಥೀನ್. ಡೈಯ (ಫಿಲ್ಮ್ ಹೊರಬರುವ ಬಾಯಿಯ) ಮೂಲೆಯಲ್ಲಿ ನಿಂತು ಬೆಂದು ಕಳಚಿಕೊಂಡು ಬಂದಿರುತ್ತದೆ. ಕರೆಂಟ್ ಹೋದಾಗ, ಭಾನುವಾರ ನಿಲ್ಲಿಸಿದಾಗ ಪರ್ಜ್ ಮಾಡದೆ (ಒಳಗಿನ ಹಳೆ ಮಾಲು ಹೊರಹಾಕದೆ) ಬಿಟ್ಟಿರಾ, ಸ್ಕ್ರೀನ್ ಯಾವಾಗ ಬದಲಿಸಿದ್ದು, ನೋಡಿಕೊಳ್ಳಿ. ಆಗ ದಾಣಾದವರ ಮೇಲೆ ಕೂಗಾಡಿ ಪ್ರಯೋಜನ ಇಲ್ಲ. ನಿಜವಾಗಿಯೂ ನೈಲಾನ್ ಆದರೆ ನನ್ನ ಅನುಮಾನ ಹೋಗುವುದು ಹೊಸ ದಾಣಾ ಮೇಲಲ್ಲ, ಆ ರೀಪ್ರೊಸೆಸ್ ಮೇಲೆ. ಎಣ್ಣೆ ಪೌಚ್, ವ್ಯಾಕ್ಯೂಮ್ ಪ್ಯಾಕ್ ಮುಂತಾದ ಐದು ಪದರದ ಫಿಲ್ಮ್‌ಗಳಲ್ಲಿ ನಡುವೆ ನೈಲಾನ್ ಇರುವುದು ಸಾಮಾನ್ಯ. ಆ ಸ್ಕ್ರ್ಯಾಪ್ ರೀಪ್ರೊಸೆಸ್ ಚೀಲಕ್ಕೆ ಸೇರಿದರೆ, ಇನ್ನೂರು ಡಿಗ್ರಿಯ ಒಳಗೆ ನಡೆಯುವ ನಿಮ್ಮ ಎಕ್ಸ್‌ಟ್ರೂಡರ್‌ನಲ್ಲಿ ಆ ನೈಲಾನ್ ಕರಗುವುದೇ ಇಲ್ಲ, ಗಂಟಾಗಿ ಹೊರಗೆ ಬರುತ್ತದೆ.

ಹಾಗಾಗಿ ಮೊದಲ ಲ್ಯಾಬ್‌ಗೆ ಫೋನ್ ಮಾಡಿ ಸ್ಪೆಕ್ಟ್ರಮ್‌ನ ಮೂಲ ಫೈಲ್ ಕೇಳಿ, ಯಾವ ಕರೆಕ್ಷನ್ ಹಾಕಿದ್ದರು, ಅಪರ್ಚರ್ ಎಷ್ಟಿತ್ತು ಅಂತಲೂ ಕೇಳಿ. ಇದಕ್ಕೆ ದುಡ್ಡು ಬೇಕಿಲ್ಲ. 1800–2700 ಮತ್ತು 3300 ಎರಡೂ ಜಾಗ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಆಮೇಲೆ ಕತ್ತರಿಸಿ ನೋಡುವ ಲ್ಯಾಬ್. ಮೈಸೂರಿನ ಸಿಪೆಟ್ (ಪ್ಲಾಸ್ಟಿಕ್‌ಗೆಂದೇ ಇರುವ ಸರ್ಕಾರಿ ಸಂಸ್ಥೆ) ಆಗಲಿ, ವಿಶ್ವವಿದ್ಯಾಲಯಗಳ ಉಪಕರಣ ಕೇಂದ್ರವಾಗಲಿ, ಖಾಸಗಿಯವರಾಗಲಿ, ಎಫ್‌ಟಿಐಆರ್ (ಇನ್‌ಫ್ರಾರೆಡ್ ಸ್ಪೆಕ್ಟ್ರಮ್ ಅಳೆಯುವ ಮೆಷಿನ್) ಇದೆ ಅಂದ ತಕ್ಷಣ ಹೋಗಬೇಡಿ. ಅದಕ್ಕೆ ಮೈಕ್ರೋಸ್ಕೋಪ್ ಜೋಡಿಸಿದೆಯಾ, 50 ಮೈಕ್ರಾನ್‌ಗಿಂತ ಸಣ್ಣ ಚೂರನ್ನು ಎತ್ತಿ ಅಳೆಯುವವರು ಇದ್ದಾರಾ ಅಂತ ಮೊದಲೇ ಕೇಳಿ.

ಸ್ಯಾಂಪಲ್ ಕಳಿಸುವಾಗ ಒಂದು ಎಚ್ಚರಿಕೆ. ಹಿಂದೊಮ್ಮೆ ಒಬ್ಬರು ಗಂಟು ಕಳೆದುಹೋಗದಿರಲಿ ಅಂತ ಅದರ ಮೇಲೆ ಸೆಲ್ಲೋಟೇಪ್ ಅಂಟಿಸಿ ಕಳಿಸಿದ್ದರು, ನಾನು ಎರಡು ದಿನ ಅಕ್ರಿಲಿಕ್ ಎಲ್ಲಿಂದ ಬಂತು ಅಂತ ಹುಡುಕಿದೆ, ಕೊನೆಗೆ ಅದು ಟೇಪಿನ ಅಂಟು. ಟೇಪ್ ಬೇಡ, ಫೆವಿಕ್ವಿಕ್ ಬೇಡ, ಬರಿಗೈಯಲ್ಲಿ ಮುಟ್ಟಬೇಡಿ. ಗಂಟಿನಿಂದ ದೂರದಲ್ಲಿ ಪೆನ್ನಿನಿಂದ ದೊಡ್ಡ ವೃತ್ತ ಬರೆದು, ಅಂಗೈಯಗಲ ಫಿಲ್ಮ್ ಕತ್ತರಿಸಿ, ಹೊಸ ಅಲ್ಯುಮಿನಿಯಂ ಫಾಯಿಲ್‌ನಲ್ಲಿ ಮಡಚಿ ಕಳಿಸಿ. ಜೊತೆಗೆ ಒಳ್ಳೆಯ ಫಿಲ್ಮ್, ಹೊಸ ದಾಣಾ, ಸ್ಲಿಪ್ ಮಾಸ್ಟರ್‌ಬ್ಯಾಚ್, ರೀಪ್ರೊಸೆಸ್ ದಾಣಾ, ಎಲ್ಲದರ ಸ್ವಲ್ಪ ಸ್ವಲ್ಪ. ದಾಣಾ ಕೊಡುವವರ ಮುಂದೆಯೇ ಕವರ್ ಮುಚ್ಚಿ ಇಬ್ಬರೂ ಸಹಿ ಹಾಕಿದರೆ ಆಮೇಲೆ ಮಾತು ಬೆಳೆಯುವುದಿಲ್ಲ. ರೀಪ್ರೊಸೆಸ್‌ನಲ್ಲಿ ನೈಲಾನ್ ಒಂದೆರಡು ಪರ್ಸೆಂಟ್ ಮಾತ್ರ ಇದ್ದರೆ ದಾಣಾವನ್ನು ನೇರವಾಗಿ ಅಳೆದಾಗ ಕಾಣದೆ ಹೋಗಬಹುದು. ಬಿಸಿ ಕ್ಸೈಲೀನ್‌ನಲ್ಲಿ ಪಾಲಿಥೀನ್ ಕರಗಿಸಿ, ಸೋಸಿ, ಉಳಿದದ್ದನ್ನು ಅಳೆಯಲು ಲ್ಯಾಬ್‌ನವರಿಗೆ ಹೇಳಿ. ನೈಲಾನ್ ಅದರಲ್ಲಿ ಕರಗುವುದಿಲ್ಲ, ಸೋಸುಕಾಗದದ ಮೇಲೆ ಉಳಿಯುತ್ತದೆ. ಇದನ್ನು ನಿಮ್ಮ ಯೂನಿಟ್‌ನಲ್ಲಿ ಮಾಡಲು ಹೋಗಬೇಡಿ, ಬೆಂಕಿ ಹತ್ತುವ ದ್ರಾವಕ ಅದು.

ಗಂಟು ಶುರುವಾದ ಎರಡು ತಿಂಗಳ ಹಿಂದಿನ ರೀಪ್ರೊಸೆಸ್ ಚೀಲ ಗೋಡೌನ್‌ನಲ್ಲಿ ಇನ್ನೂ ಇದ್ದರೆ, ಅದು ಖಾಲಿಯಾಗುವ ಮುಂಚೆ ಇವತ್ತೇ ಅದರಿಂದ ಒಂದು ಹಿಡಿ ತೆಗೆದಿಡಿ, ತಾರೀಕು ಬರೆದು.